ವೋಲ್ಕ್ಯಾನೋ ಪ್ಲಾಟ್‌ನಾಗಿನ ಮ್ಯಾಲಿನ ಚುಕ್ಕಿ ನಂಬೋಕ್ಕಿಂತ ಮೊದ್ಲು: ಮಣ್ಣಿನ ಮೈಕ್ರೋಬಯೋಮ್ ಗ್ರಾಫ್ ಓದೋದು ಹೆಂಗ

ನಮ್ಮ ರಾಯಚೂರು, ಕೊಪ್ಪಳ ಕಡೆ ಮಣ್ಣಿನ ಮ್ಯಾಲೆ ಕೆಲಸ ಮಾಡೋ ಹುಡುಗ್ರು ಹುಡುಗ್ಯಾರು ಈಗ ಬರೀ ಪಿಎಚ್, ಇಸಿ (ಉಪ್ಪಿನಂಶದ ಅಳತಿ), ಸಾವಯವ ಇಂಗಾಲ ನೋಡಿ ಬಿಡಂಗಿಲ್ಲ, 16ಎಸ್ ಸೀಕ್ವೆನ್ಸಿಂಗ್‌ಗೂ ಮಣ್ಣು ಕಳಿಸ್ತಾರ, ಅಂದ್ರ 16ಎಸ್ ಅನ್ನೋ ಜೀನ್ ಓದಿ ಮಣ್ಣಿನ್ಯಾಗಿನ ಸೂಕ್ಷ್ಮಜೀವಿಗಳ ಸಂಸಾರ (ಮೈಕ್ರೋಬಯೋಮ್) ಯಾರ್ಯಾರದು ಅಂತ ಗುರುತು ಹಚ್ಚೋ ಪರೀಕ್ಷೆ. ಕೆಲವು ವಾರ ಬಿಟ್ಟು ಒಂದು ಫೋಲ್ಡರ್ ಬರ್ತದ, ಅದ್ರಾಗ ಬಣ್ಣಬಣ್ಣದ ಗ್ರಾಫು, ಹೆಸರು ಓದ್ಲಿಕ್ಕೆ ಬರಲಾರದಂಥ ಬ್ಯಾಕ್ಟೀರಿಯಾ ಪಟ್ಟಿ, ಮತ್ತ ಡಿಫರೆನ್ಶಿಯಲ್ ಅಬಂಡೆನ್ಸ್ (ಎರಡು ಗುಂಪಿನ ನಡುವ ಯಾವ ಜೀವಿ ಹೆಚ್ಚು, ಯಾವುದು ಕಮ್ಮಿ ಅನ್ನೋ ಲೆಕ್ಕ) ಅಂತ ಒಂದು ಸಬ್‌ಫೋಲ್ಡರ್. ಅದ್ರಾಗಿನ ವೋಲ್ಕ್ಯಾನೋ ಪ್ಲಾಟ್, ಅಂದ್ರ ಒಂದೊಂದು ಜೀವಿಗೆ ಒಂದೊಂದು ಚುಕ್ಕಿ ಇಟ್ಟ ಗ್ರಾಫ್ ತಗದು ಕುಂತು, ಎಲ್ಲಾಕ್ಕಿಂತ ಮ್ಯಾಲಿರೋ ಚುಕ್ಕಿ ಮ್ಯಾಲೆ ಬೆರಳಿಟ್ಟು "ಇದೇ ನಮ್ಮ ರಿಸಲ್ಟ್" ಅನ್ನೋರನ್ನ ನಾನು ಭಾಳ ಮಂದೀನ ನೋಡೀನಿ. ಹಂಗ ಆಗಬಾರದು ಅಂತ ಇದನ್ನ ಬರೀತಿದೀನಿ, ಯಾಕಂದ್ರ ಆ ಚುಕ್ಕಿ ಹಿಂದ ಒಬ್ಬ ರೈತನ ಹೊಲ ಅದ, ನಾಳೆ ಅದನ್ನ ನೋಡೇ ಅವಂಗ ಯಾರೋ ಒಬ್ರು ಸಲಹೆ ಕೊಡ್ತಾರ.

ಉದಾಹರಣೆಗೆ ಹಿಂಗ ಇಟ್ಕೊಳ್ರಿ. ತುಂಗಭದ್ರಾ ಎಡದಂಡೆ ಕಾಲುವೆ ಅಚ್ಚುಕಟ್ಟಿನಾಗ 6 ಸವಳು ಗದ್ದೆ, 6 ಚಲೋ ಗದ್ದೆ, ಒಂದೊಂದು ಗದ್ದೆಗೆ ಒಂದೊಂದು ಸ್ಯಾಂಪಲ್, ಒಟ್ಟು 12. ಇದು ತಿಳಿಸ್ಲಿಕ್ಕೆ ನಾನು ಕಟ್ಟಿದ ಲೆಕ್ಕ, ಯಾರ ಡೇಟಾನೂ ಅಲ್ಲ. ಆದ್ರ ಸವಳು-ಜವಳು ಸಮಸ್ಯೆ ಏನು ಅಂತ ಈ ಭಾಗದವ್ರಿಗೆ ಹೇಳೋದು ಬ್ಯಾಡ, ಕರಿ ಮಣ್ಣಿಗೆ ವರ್ಷಗಟ್ಲೆ ನೀರು ನಿಂದ್ರಿಸಿದ್ರ ಕೆಳಗಿನ ಉಪ್ಪು ಮ್ಯಾಲೆ ಬಂದು ಬಿಳಿ ಪುಡಿ ಆಗಿ ಕುಂದ್ರೋದನ್ನ ಎಲ್ಲಾರೂ ನೋಡೀವಿ.

ಹೆಜ್ಜೆ 1: ಬಲಗಡೆ ಯಾರು, ಎಡಗಡೆ ಯಾರು

ಗ್ರಾಫ್ ತಗದ ತಕ್ಷಣ ಚುಕ್ಕಿ ನೋಡಬ್ಯಾಡ್ರಿ, ದಿಕ್ಕು ನೋಡ್ರಿ. ಬಲಗಡೆ ಇದ್ದದ್ದು ಸವಳಿನ್ಯಾಗ ಜಾಸ್ತಿ ಅಂತನೋ ಚಲೋ ಗದ್ದ್ಯಾಗ ಜಾಸ್ತಿ ಅಂತನೋ? ಇದು ಸಣ್ಣ ಪ್ರಶ್ನೆ ಅನಿಸ್ತದ, ಆದ್ರ ಇಡೀ ಚಾಪ್ಟರ್ ತಲೆಕೆಳಗಾಗೋದು ಇಲ್ಲೇ. ಆರ್ ಸಾಫ್ಟ್‌ವೇರು ನೀವು ಏನೂ ಹೇಳಲಿಲ್ಲ ಅಂದ್ರ ಗ್ರೂಪಿನ ಹೆಸರನ್ನ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಜೋಡಿಸಿ ಮೊದಲು ಬಂದಿದ್ದನ್ನ ರೆಫರೆನ್ಸ್ (ಹೋಲಿಸೋ ಆಧಾರ) ಮಾಡ್ಕೊಳ್ತದ. ನೀವು ಗ್ರೂಪಿಗೆ ನಾರ್ಮಲ್, ಸಲೈನ್ ಅಂತ ಹೆಸರಿಟ್ಟಿದ್ರ ಎನ್ ಮೊದಲು, ಎಸ್ ಆಮ್ಯಾಲೆ, ಹಿಂಗಾಗಿ ನಾರ್ಮಲ್ ರೆಫರೆನ್ಸ್ ಆಗ್ತದ, ಬಲಗಡೆ ಅಂದ್ರ ಸವಳಿನ್ಯಾಗ ಜಾಸ್ತಿ, ಚಲೋ ಆತು. ಅದೇ ಗುಡ್, ಬ್ಯಾಡ್ ಅಂತ ಇಟ್ಟಿದ್ರ? ಬಿ ಅಕ್ಷರ ಮೊದಲು ಬರ್ತದ, ಸವಳು ಗದ್ದೆನೇ ರೆಫರೆನ್ಸ್ ಆಗಿ ಕುಂದ್ರತದ, ಬಲಗಡೆ ಅಂದ್ರ ಚಲೋ ಗದ್ದ್ಯಾಗ ಜಾಸ್ತಿ. ಒಬ್ಬ ಹುಡುಗಿ ಥೀಸಿಸ್ ಕೊಡೋದಕ್ಕ ಹತ್ತು ದಿನ ಇದ್ದಾಗ ನನ್ನ ಹತ್ರ ಗ್ರಾಫ್ ತಂದಿದ್ಲು, ಉಪ್ಪು ಪ್ರೀತಿಸೋ ಬ್ಯಾಕ್ಟೀರಿಯಾ ಎಲ್ಲಾ ಚಲೋ ಮಣ್ಣಿನ್ಯಾಗ ಜಾಸ್ತಿ ಅಂತ ಅದಕ್ಕ ಎರಡು ಪುಟ ಕಾರಣ ಬರದಿದ್ಲು, ಕಡೀಗೆ ನೋಡಿದ್ರ ಬರೀ ರೆಫರೆನ್ಸ್ ಉಲ್ಟಾ ಆಗಿತ್ತು. ಆ ಎರಡು ಪುಟ ಬರೀಲಿಕ್ಕೆ ಅಕಿ ಎಷ್ಟು ಓದಿದ್ಲು ಅಂತ ನನಗ ಗೊತ್ತದ, ಅದಕ್ಕ ಇದನ್ನ ಮೊದಲ ಹೆಜ್ಜೆ ಮಾಡೀನಿ.

ಚೆಕ್ ಮಾಡೋದು ಸುಲಭ: ಬಲಗಡೆ ತುದಿಯಿಂದ ಒಂದು ಸೂಕ್ಷ್ಮಜೀವಿ ಆರಿಸ್ಕೊಳ್ರಿ, ಕೌಂಟ್ ಟೇಬಲ್ (ಯಾವ ಜೀವಿ ಎಲ್ಲಿ ಎಷ್ಟು ಸಲ ಸಿಕ್ತು ಅನ್ನೋ ಪಟ್ಟಿ) ತಗದು ಆ 12 ಸ್ಯಾಂಪಲ್‌ನಾಗ ಅದರ ಪಾಲು ಎಷ್ಟೆಷ್ಟು ಅದ ಅಂತ ಕಣ್ಣಾರೆ ನೋಡ್ರಿ. ಆಮೇಲೆ ಗ್ರಾಫಿನ ಅಡಿಗೆ ದಿಕ್ಕು ಬರದಿಡ್ರಿ.

ಹೆಜ್ಜೆ 2: ಸೇರಿನ ಲೆಕ್ಕ ತಲ್ಯಾಗ ಇಟ್ಕೊಳ್ರಿ

ಒಂದು ರಾಶಿ ಅದ, ಜೋಳ, ತೊಗರಿ, ಸಜ್ಜಿ ಎಲ್ಲಾ ಕಲಸಿದ್ದು. ಅದ್ರಾಗಿಂದ ಒಂದೇ ಒಂದು ಸೇರು ತುಂಬಿ ಕಾಳು ಎಣಿಸ್ತೀರಿ. ಮರುದಿನ ಯಾರೋ ಆ ರಾಶಿಗೆ ಎರಡು ಚೀಲ ಜೋಳ ಸುರಿದ್ರು, ತೊಗರಿ ಒಂದು ಕಾಳೂ ತಗೀಲಿಲ್ಲ. ಮತ್ತ ಒಂದು ಸೇರು ತುಂಬಿ ಎಣಿಸಿದ್ರ ತೊಗರಿ ಕಡಿಮಿ ಬರ್ತದ. ತೊಗರಿ ಕಮ್ಮಿ ಆಗ್ಯಾದೇನು? ಇಲ್ಲ, ಸೇರಿನ್ಯಾಗ ಅದರ ಪಾಲು ಕಮ್ಮಿ ಆಗ್ಯಾದ.

ಸೀಕ್ವೆನ್ಸಿಂಗ್ ಮಷೀನ್ ಮಾಡೋದೂ ಇದನ್ನೇ. ಒಂದು ಸ್ಯಾಂಪಲ್‌ಗೆ 50 ಸಾವಿರ ರೀಡ್ಸ್ (ಮಷೀನ್ ಓದಿದ ಡಿಎನ್‌ಎ ತುಣುಕು) ಬಂದ್ವು ಅಂದ್ರ ಆ ಗದ್ದ್ಯಾಗ 50 ಸಾವಿರ ಬ್ಯಾಕ್ಟೀರಿಯಾ ಇದ್ವು ಅಂತ ಅಲ್ಲ, ಮಷೀನಿನ ಸೇರು ಅಷ್ಟು ಅಂತ ಅಷ್ಟೇ. ಅದಕ್ಕೇ ಈ ಡೇಟಾಕ್ಕ ಕಾಂಪೊಸಿಶನಲ್ ಡೇಟಾ ಅಂತಾರ, ಒಬ್ರು ಉಬ್ಬಿದ್ರ ಉಳದವ್ರು ಕುಗ್ಗಿದಂಗ ಕಾಣ್ತಾರ. ಹಿಂಗಾಗಿ ಡಿಫರೆನ್ಶಿಯಲ್ ಅಬಂಡೆನ್ಸ್ ಗ್ರಾಫಿನ್ಯಾಗ "ಸವಳಿನ್ಯಾಗ ನೈಟ್ರೋಸ್ಪೈರಾ ಕಮ್ಮಿ" ಅಂತ ಬಂದ್ರ ಮೊದಲು ಮನಸಿಗೆ ಬರಬೇಕಾದ ಪ್ರಶ್ನೆ, ಅದು ಖರೇನೇ ಸತ್ತು ಕಮ್ಮಿ ಆತೋ ಅಥವಾ ಹಾಲೋಮೊನಾಸ್‌ನಂಥ ಉಪ್ಪಿನ ಗೆಳ್ಯಾರು ಬೆಳದು ಸೇರು ತುಂಬಿಬಿಟ್ರೋ.

ಇದನ್ನ ಗ್ರಾಫಿನ್ಯಾಗೇ ಹಿಡೀಬಹುದು. ಚುಕ್ಕಿಗಳ ದೊಡ್ಡ ಗುಂಪು, ಅಂದ್ರ ಏನೂ ಬದಲಾಗಲಾರದ ಸಾಮಾನ್ಯ ಮಂದಿ, ಸೊನ್ನೆ ಗೆರಿ ಮ್ಯಾಲೆ ಕುಂತಿರಬೇಕು. ಆ ಇಡೀ ಗುಂಪೇ ಸ್ವಲ್ಪ ಎಡಕ್ಕ ಸರದು, ಬಲಗಡೆ ಮೂರ್ನಾಕು ಚುಕ್ಕಿ ಮಾತ್ರ ದೂರ ನಿಂತಾವ ಅಂದ್ರ ಅದು ಸೇರಿನ ಆಟ ಇರೋ ಸಾಧ್ಯತೆ ಭಾಳ. ಆಲ್ಡೆಕ್ಸ್ 2 ಸಿಎಲ್‌ಆರ್ ಲೆಕ್ಕ (ಒಂದೊಂದು ಜೀವಿಯನ್ನ ಅದೇ ಸ್ಯಾಂಪಲ್ಲಿನ ಎಲ್ಲಾದರ ಸರಾಸರಿಗೆ ಹೋಲಿಸೋದು) ಬಳಸೋದು, ಆನ್ಕಾಮ್-ಬಿಸಿ ಬಯಾಸ್ (ಒಂದೇ ಕಡೆ ವಾಲೋ ತಪ್ಪು) ತಿದ್ದೋದು, ಡಿಇಸೆಕ್ 2 ಸೈಜ್ ಫ್ಯಾಕ್ಟರ್ (ಸ್ಯಾಂಪಲ್ಲಿಂದ ಸ್ಯಾಂಪಲ್ಲಿಗೆ ರೀಡ್ಸ್ ಹೆಚ್ಚುಕಮ್ಮಿ ಸರಿದೂಗಿಸೋ ಅಂಕಿ) ಹಾಕೋದು, ಹಿಂಗ ಈ ಫರಕ್ ಲೆಕ್ಕ ಹಾಕೋ ಟೂಲುಗಳು ಮಾಡೋದೆಲ್ಲಾ ಇದನ್ನ ಸರಿ ಮಾಡೋ ಪ್ರಯತ್ನನೇ, ಆದ್ರ ಬಹುಪಾಲು ಸೂಕ್ಷ್ಮಜೀವಿಗಳು ಬದಲಾಗಿಲ್ಲ ಅನ್ನೋ ನಂಬಿಕಿ ಹೆಚ್ಚುಕಮ್ಮಿ ಎಲ್ಲಾದರ ಹಿಂದೂ ಅದ. ಸವಳು ಮಣ್ಣು ಅಂದ್ರ ಊರಿಗೂರೇ ಬದಲಾಗಿರ್ತದ, ಆ ನಂಬಿಕಿ ಎಷ್ಟು ನಿಲ್ತದ ಅಂತ ನೀವೇ ಯೋಚನೆ ಮಾಡ್ರಿ. ಖರೇ ಎಣಿಕೆ ಬೇಕಂದ್ರ ಅದೇ ಮಣ್ಣಿಗೆ ಕ್ಯೂಪಿಸಿಆರ್ ಮಾಡಿಸಿ ಒಂದು ಗ್ರಾಮಿಗೆ ಎಷ್ಟು 16ಎಸ್ ಕಾಪಿ ಅಂತ ನೋಡಬೇಕು, ಖರ್ಚು ಅದ, ಆದ್ರ ವಾದ ಬಹುಪಾಲು ಮುಗೀತದ.

ಹೆಜ್ಜೆ 3: ವೋಲ್ಕ್ಯಾನೋ ಪ್ಲಾಟ್, ಎರಡೂ ಅಕ್ಷ ಓದ್ರಿ

ಅಡ್ಡ ಅಕ್ಷ ಫೋಲ್ಡ್ ಚೇಂಜ್, ಅಂದ್ರ ಎಷ್ಟು ಪಟ್ಟು ಫರಕ್, ಅದೂ ಲಾಗ್‌ನಾಗ. ಡಿಇಸೆಕ್ 2 ಆದ್ರ ಲಾಗ್ 2, ಅಂದ್ರ 1 ಅಂದ್ರ ಎರಡು ಪಟ್ಟು, 2 ಅಂದ್ರ ನಾಕು ಪಟ್ಟು, 3 ಅಂದ್ರ ಎಂಟು ಪಟ್ಟು, ಮೈನಸ್ 1 ಅಂದ್ರ ಅರ್ಧ. ಆನ್ಕಾಮ್-ಬಿಸಿ ಕೊಡೋದು ನ್ಯಾಚುರಲ್ ಲಾಗ್, ಅಲ್ಲಿ 1 ಅಂದ್ರ ಸುಮಾರು 2.7 ಪಟ್ಟು. ಎರಡು ಟೂಲ್‌ನ ಗ್ರಾಫ್ ಪಕ್ಕಪಕ್ಕ ಇಟ್ಟು "ಇದ್ರಾಗ 2 ಅದ, ಅದ್ರಾಗ 1.4 ಅದ, ತಾಳೆ ಆಗವಲ್ದು" ಅಂತ ತಲಿ ಕೆಡಿಸ್ಕೊಂಡೋರು ಅದಾರ, ಎರಡೂ ಒಂದೇ ಮಾತು ಹೇಳ್ತಿರ್ತಾವ, ಅಳತಿ ಬ್ಯಾರೆ ಅಷ್ಟೇ.

ಉದ್ದ ಅಕ್ಷ ಮೈನಸ್ ಲಾಗ್ 10 ಪಿ. ಪಿ ಅಂದ್ರ, ಖರೇ ಫರಕ್ ಇಲ್ಲದಿದ್ರೂ ಇಷ್ಟು ದೊಡ್ಡ ಫರಕ್ ಆಕಸ್ಮಿಕವಾಗಿ ಕಾಣೋ ಸಾಧ್ಯತೆ, ಅದು ಸಣ್ಣದಾದಷ್ಟೂ ಚುಕ್ಕಿ ಮ್ಯಾಲೆ. 0.05 ಅಂದ್ರ 1.3, 0.01 ಅಂದ್ರ 2, 0.001 ಅಂದ್ರ 3. ಇಲ್ಲಿ ನೋಡಬೇಕಾದ್ದು, ಅದು ಬರೀ ಪಿ ವ್ಯಾಲ್ಯೂನೋ ಅಥವಾ ತಿದ್ದಿದ್ದೋ, ಅಂದ್ರ ಪಿ-ಅಡ್ಜಸ್ಟೆಡ್ ಇಲ್ಲಾ ಕ್ಯೂ ವ್ಯಾಲ್ಯೂ. 400 ಸೂಕ್ಷ್ಮಜೀವಿ ಟೆಸ್ಟ್ ಮಾಡಿದ್ರ, ಎರಡೂ ಥರ ಗದ್ದ್ಯಾಗ ಏನೂ ಫರಕ್ ಇಲ್ಲದಿದ್ರೂ 0.05 ಗೆರಿ ದಾಟಿ ಸುಮಾರು 20 ಚುಕ್ಕಿ ಸುಮ್ನೆ ಬಂದು ಕುಂದ್ರತಾವ. ಅದಕ್ಕೇ ಬೆಂಜಮಿನಿ-ಹಾಕ್‌ಬರ್ಗ್ ಅವರು 1995ರಾಗ ಕೊಟ್ಟ ತಿದ್ದುಪಡಿ ಬಳಸ್ತೀವಿ. ಅದನ್ನ ಹಾಕಿದ ಮ್ಯಾಲೂ 0.05ಕ್ಕ 40 ಚುಕ್ಕಿ ದಾಟ್ಯಾವ ಅಂದ್ರ ಅವುಗಳಾಗ ಒಂದೆರಡು ಸುಳ್ಳು ಇರಬಹುದು ಅಂತ ಒಪ್ಕೊಂಡಂಗ. ಮಾಸ್ಲಿನ್ 2 ಅನ್ನೋ ಇನ್ನೊಂದು ಟೂಲಿನ ಡೀಫಾಲ್ಟ್ ಗೆರಿ 0.25, ಅಂದ್ರ ನಾಕರಾಗ ಒಂದು ಸುಳ್ಳಿಗೆ ಜಾಗ ಕೊಟ್ಟದ, ಆ ಪಟ್ಟಿಯನ್ನ 0.05 ಪಟ್ಟಿ ಅಂತ ಓದಬ್ಯಾಡ್ರಿ.

ಈಗ ಇಲ್ಲಿ ಸ್ವಲ್ಪ ನಿಂದ್ರೋಣು, ಯಾಕಂದ್ರ ಮಂದಿ ಎಡವೋದು ಈ ಜಾಗದಾಗೇ ಜಾಸ್ತಿ. ಡಿಇಸೆಕ್ 2 ಗ್ರಾಫಿನ್ಯಾಗ ಕೆಲವು ಚುಕ್ಕಿ 22, 25, ಮೈನಸ್ 24 ಅಂತ ತುದಿಗೆ ಹೋಗಿ ನಿಂತಿರ್ತಾವ, ಅವುಗಳ ಪಿ ವ್ಯಾಲ್ಯೂನೂ ಭಾಳ ಚಲೋ ಇರ್ತದ, ಎಲ್ಲಾಕ್ಕಿಂತ ಮ್ಯಾಲೆ. ಲಾಗ್ 2ರಾಗ 22 ಅಂದ್ರ 40 ಲಕ್ಷ ಪಟ್ಟಿಗಿಂತ ಜಾಸ್ತಿ. 50 ಸಾವಿರ ರೀಡ್ಸ್ ಇರೋ ಸ್ಯಾಂಪಲ್‌ನಾಗ 40 ಲಕ್ಷ ಪಟ್ಟು ಫರಕ್ ಎಲ್ಲಿಂದ ಬರ್ತದ್ರಿ? ಟೇಬಲ್ ತಗದು ನೋಡಿದ್ರ ಗೊತ್ತಾಗ್ತದ: ಚಲೋ ಗದ್ದೆ ಆರರಾಗೂ ಸೊನ್ನೆ, ಸವಳು ಗದ್ದ್ಯಾಗ ಒಂದ್ರಾಗೋ ಎರಡ್ರಾಗೋ ಮಾತ್ರ ಕೆಲವು ನೂರು ರೀಡ್ಸ್, ಉಳದದ್ದು ಸೊನ್ನೆ. ಸೊನ್ನೆಯಿಂದ ಭಾಗಿಸ್ಲಿಕ್ಕೆ ಹೋದಂಗ ಆಗಿ ಮಾಡೆಲ್ ಆ ನಂಬರ್ ಉಗುಳಿರ್ತದ. ಆ ಒಂದು ಗದ್ದ್ಯಾಗ ಎಮ್ಮಿ ಸಗಣಿ ಬಿದ್ದಿರಬಹುದು, ಬದೂ ಹತ್ರದ ಮಣ್ಣು ಬಂದಿರಬಹುದು. ಅದು ಸವಳಿನ ಗುರುತಲ್ಲ, ಆ ಗದ್ದೆ ಗುರುತು.

ಇದಕ್ಕ ಪರಿಹಾರ ಮೂರು ಅದಾವ. ಟೆಸ್ಟ್ ಮಾಡೋಕ್ಕಿಂತ ಮೊದಲೇ ಬಾಳ ಕಮ್ಮಿ ಸ್ಯಾಂಪಲ್‌ನಾಗ ಕಾಣೋ ಟ್ಯಾಕ್ಸಾನ (ಜೀವಿಗುಂಪುಗಳನ್ನ) ಸೋಸಿಬಿಡೋದು (10 ಪರ್ಸೆಂಟ್ ಅಂತ ಮಂದಿ ಇಡ್ತಾರ, ಆದ್ರ 12 ಸ್ಯಾಂಪಲ್‌ಗೆ ಅದು ಎರಡ್ರಾಗ ಕಂಡ್ರ ಸಾಕು ಅಂದಂಗ, ನಾನು ಕನಿಷ್ಠ 4 ಸ್ಯಾಂಪಲ್ ಅಂತ ಇಡ್ತೀನಿ). ಆಮೇಲೆ ಎಲ್‌ಎಫ್‌ಸಿ ಶ್ರಿಂಕ್ ಅನ್ನೋ ಫಂಕ್ಷನ್ ಬಳಸೋದು, ಮಾಹಿತಿ ಕಮ್ಮಿ ಇರೋ ಚುಕ್ಕಿಗಳನ್ನ ಅದು ಸೊನ್ನೆ ಕಡೆ ಎಳೀತದ. ಮೂರನೇದು ಕಣ್ಣು, ಕೌಂಟ್ ಟೇಬಲ್ ನೋಡೋ ಕಣ್ಣು.

ಕಾಣಲಾರದ ಚುಕ್ಕಿ ಬಗ್ಗೆನೂ ಒಂದು ಮಾತು. "ರೋ (ಸಾಲು) ತಗದು ಹಾಕೀನಿ" ಅಂತ ಪ್ಲಾಟ್ ಮಾಡುವಾಗ ಒಂದು ವಾರ್ನಿಂಗ್ ಬರ್ತದ, ಯಾರೂ ಓದಂಗಿಲ್ಲ. ಡಿಇಸೆಕ್ 2ರಾಗ ಪಿ-ಅಡ್ಜಸ್ಟೆಡ್ ಮಾತ್ರ ಎನ್‌ಎ (ಅಂಕಿ ಇಲ್ಲ) ಇದ್ರ ಕೌಂಟ್ ಭಾಳ ಕಮ್ಮಿ ಅಂತ ಅದು ಫಿಲ್ಟರ್ ಮಾಡ್ಯದ, ಪಿ ಮತ್ತ ಪಿ-ಅಡ್ಜಸ್ಟೆಡ್ ಎರಡೂ ಎನ್‌ಎ ಇದ್ದು ಫೋಲ್ಡ್ ಚೇಂಜ್ ಇದ್ರ ಯಾವುದೋ ಒಂದು ಸ್ಯಾಂಪಲ್ ವಿಪರೀತ ಅದ ಅಂತ ಕುಕ್ಸ್ ಡಿಸ್ಟೆನ್ಸ್ ನೋಡಿ ಕೈ ಬಿಟ್ಟದ. ಒಮ್ಮೊಮ್ಮೆ ನೀವು ಹುಡುಕೋ ಜೀವಿನೇ ಆ ಎನ್‌ಎ ಒಳಗ ಇರ್ತದ. ಉಲ್ಟಾ ಸಮಸ್ಯೆನೂ ಅದ, ಆನ್ಕಾಮ್-ಬಿಸಿ ಒಂದು ಗ್ರೂಪಿನ್ಯಾಗ ಪೂರ್ತಿ ಇಲ್ಲದ ಜೀವಿಗೆ ಸ್ಟ್ರಕ್ಚರಲ್ ಜೀರೋ ಅಂತ ಗುರುತು ಹಾಕಿ ಕ್ಯೂ ವ್ಯಾಲ್ಯೂ ಸೊನ್ನೆ ಕೊಡ್ತದ, ಅದನ್ನ ಲಾಗ್ ತಗದ್ರ ಅನಂತ ಆಗಿ ಗ್ರಾಫಿನ ನೆತ್ತಿಗೆ ಹೋಗಿ ಅಂಟ್ಕೊಳ್ತದ. ಅದು ದೊಡ್ಡ ಪುರಾವೆ ಅಲ್ಲ, "ಈ ಗ್ರೂಪಿನ್ಯಾಗ ಸಿಕ್ಕಿಲ್ಲ" ಅನ್ನೋ ಲೇಬಲ್ ಅಷ್ಟೇ.

ಹೆಜ್ಜೆ 4: ಎಂಎ ಪ್ಲಾಟ್ ಕೂಡ ತಗೀರಿ

ಅಡ್ಡಕ್ಕ ಸರಾಸರಿ ಕೌಂಟು, ಉದ್ದಕ್ಕ ಫೋಲ್ಡ್ ಚೇಂಜು. ಎಡಗಡೆ, ಅಂದ್ರ ಕಮ್ಮಿ ಕೌಂಟ್ ಕಡೆ, ಚುಕ್ಕಿ ತುತ್ತೂರಿ ಬಾಯಿ ಹಂಗ ಹರಡಿರ್ತಾವ, ಬಲಕ್ಕ ಹೋದಂಗ ಸಣ್ಣ ಆಗ್ತಾವ. ವೋಲ್ಕ್ಯಾನೋದಾಗ ಮಿಂಚಿದ ಚುಕ್ಕಿ ಇಲ್ಲಿ ತುತ್ತೂರಿ ಬಾಯಾಗ ಸಿಕ್ಕಾಕೊಂಡದ ಅಂದ್ರ ಅನುಮಾನ ಪಡ್ರಿ, ಬಲಗಡೆ ದಟ್ಟ ಕೌಂಟ್ ಇದ್ದೂ ಗೆರಿಯಿಂದ ದೂರ ನಿಂತದ ಅಂದ್ರ ಅದನ್ನ ಬೆನ್ನು ಹತ್ತಬಹುದು. ಆಲ್ಡೆಕ್ಸ್ 2ರಾಗ ಎಫೆಕ್ಟ್ ಪ್ಲಾಟ್ ಬರ್ತದ, ಅಡ್ಡಕ್ಕ ಒಂದೇ ಗುಂಪಿನೊಳಗಿನ ಏರುಪೇರು, ಉದ್ದಕ್ಕ ಎರಡು ಗುಂಪಿನ ನಡುವಿನ ಫರಕ್. ಓರೆ ಗೆರಿ ದಾಟಿದ್ದು ಅಂದ್ರ ಗದ್ದೆ-ಗದ್ದೆ ನಡುವಿನ ಏರುಪೇರಿಗಿಂತ ಸವಳು-ಚಲೋ ನಡುವಿನ ಫರಕ್ ದೊಡ್ಡದು. ನನಗ ಎಲ್ಲಾ ಗ್ರಾಫಿಗಿಂತ ಇದರ ಮ್ಯಾಲೆ ವಿಶ್ವಾಸ ಜಾಸ್ತಿ, ಯಾಕಂದ್ರ ರೈತ ಕೇಳೋ ಪ್ರಶ್ನೆನೂ ಇದೇ, "ನನ್ನ ಹೊಲಕ್ಕೂ ಇದು ಹೊಂದ್ತದೇನ್ರಿ?"

ಹೆಜ್ಜೆ 5: ಬಾರ್ ಗ್ರಾಫು, ಎಲ್‌ಇಎಫ್‌ಎಸ್‌ಇ, ಹೀಟ್‌ಮ್ಯಾಪ್

ಫೋಲ್ಡ್ ಚೇಂಜ್ ಬಾರ್‌ನಾಗ ಮೀಸಿ ಇರ್ತಾವಲ್ಲ, ಅದು ಸ್ಟ್ಯಾಂಡರ್ಡ್ ಎರರ್ರೋ 95 ಪರ್ಸೆಂಟ್ ಇಂಟರ್ವಲ್ಲೋ ಕೇಳ್ರಿ, ಎರಡನೇದು ಮೊದಲ್ನೇದರ ಸುಮಾರು ಎರಡು ಪಟ್ಟು ಉದ್ದ. ಒಂದೇ ಕುಲದ ಹೆಸರು ಎರಡು ಮೂರು ಸಲ ಬಂದಿದ್ರ, ಒಂದು ಬಲಕ್ಕ ಒಂದು ಎಡಕ್ಕ ಇದ್ರೂ, ಗಾಬರಿ ಬ್ಯಾಡ, ಬ್ಯಾರೆ ಬ್ಯಾರೆ ಎಎಸ್‌ವಿ (16ಎಸ್ ಜೀನಿನ ಒಂದೊಂದು ರೂಪ) ಅವು, ಒಂದೇ ಮನೆತನದ ಅಣ್ಣತಮ್ಮರಂಗ ಒಬ್ಬಂಗ ಉಪ್ಪು ತಡೀತದ ಇನ್ನೊಬ್ಬಂಗ ತಡಿಯಂಗಿಲ್ಲ. ಫೈಲಂ (ಬ್ಯಾಕ್ಟೀರಿಯಾದ ದೊಡ್ಡ ವರ್ಗ) ಬಣ್ಣದಾಗ ಹಳೇ ಪೇಪರ್‌ನಾಗ ಪ್ರೋಟಿಯೋಬ್ಯಾಕ್ಟೀರಿಯಾ ಅಂತ ಇದ್ದದ್ದು ಈಗ ಸ್ಯುಡೊಮೊನಡೋಟಾ, ಫರ್ಮಿಕ್ಯೂಟ್ಸ್ ಈಗ ಬ್ಯಾಸಿಲ್ಲೋಟಾ, ಹೊಸ ಜೀವಿ ಸಿಕ್ತು ಅನ್ಕೋಬ್ಯಾಡ್ರಿ.

ಎಲ್‌ಇಎಫ್‌ಎಸ್‌ಇ ಅನ್ನೋ ಟೂಲಿನ ಗ್ರಾಫ್ 2011ರಾಗ ಬಂದಿದ್ದು, ನೋಡ್ಲಿಕ್ಕೆ ಚಂದ, ಥೀಸಿಸ್‌ಗಳಾಗ ಇದೇ ಜಾಸ್ತಿ. ಅದರ ಎಲ್‌ಡಿಎ ಸ್ಕೋರ್ (ಎರಡು ಗುಂಪನ್ನ ಬ್ಯಾರೆ ಮಾಡೋದ್ರಾಗ ಆ ಜೀವಿ ಪಾತ್ರ ಎಷ್ಟು ಅನ್ನೋ ಅಂಕಿ) 4 ಅಂದ್ರ ನಾಕು ಪಟ್ಟು ಅಂತ ಅಲ್ಲ, ಫೋಲ್ಡ್ ಚೇಂಜೇ ಅಲ್ಲ ಅದು. ಎಡಕ್ಕಿರೋ ಬಾರ್ ಅಂದ್ರ "ಕಮ್ಮಿ ಆತು" ಅಂತನೂ ಅಲ್ಲ, ಆ ಬಣ್ಣದ ಗುಂಪಿನ್ಯಾಗ ಜಾಸ್ತಿ ಅಂತ, ಅಷ್ಟೇ. ಸ್ಕೋರ್ ದೊಡ್ಡದಾಗ್ಲಿಕ್ಕೆ ಆ ಜೀವಿ ಮೊದಲೇ ದಂಡಿಯಾಗಿ ಇದ್ರೂ ಸಾಕು. ಗುಂಡಗಿನ ಕ್ಲಾಡೋಗ್ರಾಂನಾಗ (ಜೀವಿಗಳ ವಂಶವೃಕ್ಷದ ಚಿತ್ರ) ಕುಲ, ಕುಟುಂಬ, ಗಣ ಮೂರೂ ಒಂದೇ ಸಾಲಿನ್ಯಾಗ ಕೆಂಪಾಗ್ಯಾವ ಅಂದ್ರ ಮೂರು ರಿಸಲ್ಟ್ ಅಲ್ಲ, ಒಳಗಿನ ಒಂದೇ ಜೀವಿ ಮೂರು ಮಹಡಿಗೂ ಬಣ್ಣ ಹಚ್ಚಿರಬಹುದು.

ಹೀಟ್‌ಮ್ಯಾಪ್‌ನಾಗ (ಅಂಕಿ ಬದ್ಲಿ ಬಣ್ಣ ತೋರಿಸೋ ಪಟ್ಟಿ) ಸಾಲು ಸಾಲಿಗೆ ಜಡ್ ಸ್ಕೋರ್ (ಆ ಸಾಲಿನ ಸರಾಸರಿಯಿಂದ ಎಷ್ಟು ದೂರ ಅನ್ನೋ ಅಳತಿ) ಹಾಕಿದ್ರ 3 ರೀಡ್ಸ್‌ನಿಂದ 6ಕ್ಕ ಹೋದದ್ದೂ 3,000ದಿಂದ 6,000ಕ್ಕ ಹೋದದ್ದೂ ಅಷ್ಟೇ ಕೆಂಪು ಕಾಣಬಹುದು. ಇನ್ನೊಂದು, ಫರಕ್ ಇದ್ದ ಜೀವಿಗಳನ್ನೇ ಆರಿಸಿ ಹೀಟ್‌ಮ್ಯಾಪ್ ಮಾಡಿ, "ನೋಡ್ರಿ ಸವಳು ಒಂದು ಕಡೆ, ಚಲೋ ಒಂದು ಕಡೆ ಹೆಂಗ ಬ್ಯಾರೆ ಆಗ್ಯಾವ" ಅಂತ ಬರೀತಾರ. ಬ್ಯಾರೆ ಆಗೋವನ್ನೇ ಆರಿಸಿದ ಮ್ಯಾಲೆ ಬ್ಯಾರೆ ಆಗಲೇಬೇಕಲ್ರಿ, ಅದು ಹೊಸ ಪುರಾವೆ ಆಗಂಗಿಲ್ಲ.

ಹೆಜ್ಜೆ 6: ಗ್ರಾಫ್ ಬಿಟ್ಟು ಹೊಲಕ್ಕ ಹೋಗ್ರಿ

ಇಲ್ಲಿ ತನಕ ಬಂದ ಮ್ಯಾಲೆ ನಿಮ್ಮ ಕೈಯಾಗ 5 ರಿಂದ 10 ಜೀವಿ ಉಳದಿರ್ತಾವ. ಒಂದೊಂದಕ್ಕೂ 12 ಚುಕ್ಕಿ ಕಾಣೋ ಬಾಕ್ಸ್ ಪ್ಲಾಟ್ ಮಾಡ್ರಿ, ಬಾಕ್ಸ್ ಮಾತ್ರ ಅಲ್ಲ, ಗದ್ದೆ ಹೆಸರು ಬರದ 12 ಚುಕ್ಕಿ. ಆಮೇಲೆ ಮ್ಯಾಪ್ ತಗೀರಿ. ನಮ್ಮ ಕಡೆ ಚಲೋ ಗದ್ದೆ ಬೇಕಂದ್ರ ಕಾಲುವೆ ಮೇಲ್ಭಾಗಕ್ಕ ಗಂಗಾವತಿ ಸುತ್ತ ಹೋಗಿರ್ತೀವಿ, ಸವಳು ಬೇಕಂದ್ರ ಸಿಂಧನೂರು, ಮಾನ್ವಿ ಕಡೆ ಹೋಗಿರ್ತೀವಿ ಅಂತ ಇಟ್ಕೊಳ್ರಿ. ಆಗ ಗ್ರಾಫ್ ತೋರಿಸೋ ಫರಕ್ ಸವಳಿಂದೋ, ಮೇಲ್ಭಾಗ-ಕೆಳಭಾಗದ ನೀರಿಂದೋ, ಗೊಬ್ಬರದ್ದೋ, ಭತ್ತದ ತಳಿದ್ದೋ ಅಂತ ಯಾವ ಸಾಫ್ಟ್‌ವೇರೂ ಹೇಳಂಗಿಲ್ಲ. ನೀರು ನಿಂತ ಗದ್ದ್ಯಾಗ ಆಮ್ಲಜನಕ ಕಮ್ಮಿ ಆಗಿ ಜಿಯೋಬ್ಯಾಕ್ಟರ್, ಮೆಥನೋಸಾರ್ಸಿನಾದಂಥವು ಉಪ್ಪು ಇರಲಿ ಬಿಡಲಿ ಬೆಳೀತಾವ. ಸ್ಯಾಂಪಲ್ ತಗೊಂಡ ದಿನ ನೀರು ನಿಂತಿತ್ತೋ ಒಣಗಿತ್ತೋ ಅಂತ ನೋಟ್‌ಬುಕ್‌ನಾಗ ಬರದಿಲ್ಲ ಅಂದ್ರ ಆ ಚುಕ್ಕಿಗೆ ಅರ್ಥ ಹಚ್ಚೋದು ಕಷ್ಟ. ಅದೇ ಒಂದೇ ಊರಿನ್ಯಾಗ ಪಕ್ಕಪಕ್ಕದ ಸವಳು, ಚಲೋ ಜೋಡಿ ಸಿಕ್ರ ಜೋಡಿಯಾಗೇ ತಗೊಂಡು ಮಾಡೆಲ್‌ನಾಗ ಊರನ್ನೂ ಹಾಕ್ರಿ.

ಒಂದೇ ಗದ್ದ್ಯಾಗ ಆರು ಕಡೆ ಅಗದು ಆರು ಸ್ಯಾಂಪಲ್ ಅನ್ನೋದೂ ನಡಿಯಂಗಿಲ್ಲ, ಅದು ಒಂದೇ ಗದ್ದೆಯನ್ನ ಆರು ಸಲ ಅಳದಂಗ, ಪಿ ವ್ಯಾಲ್ಯೂ ಸುಮ್ನೆ ಚಂದ ಕಾಣ್ತದ.

ಲ್ಯಾಬಿನ ಕಡೆನೂ ನೋಡ್ರಿ. ಸವಳು ಸ್ಯಾಂಪಲ್ ಎಲ್ಲಾ ಒಂದು ದಿನ, ಚಲೋವು ಎಲ್ಲಾ ಇನ್ನೊಂದು ದಿನ ಡಿಎನ್‌ಎ ತಗದಿದ್ರ ಅದು ದಿನದ ಫರಕ್ಕೂ ಆಗಬಹುದು. ಕರಿ ಮಣ್ಣಿನ ಜೇಡಿ ಡಿಎನ್‌ಎಯನ್ನ ಅಂಟಿಸ್ಕೊಂಡು ಬಿಡಂಗಿಲ್ಲ, ಡಿಎನ್‌ಎ ಕಮ್ಮಿ ಬಂದ ಸ್ಯಾಂಪಲ್‌ನಾಗ ಡಿಎನ್‌ಎ ತಗಿಯೋ ಕಿಟ್‌ನಿಂದ ಬರೋ ರಾಲ್‌ಸ್ಟೋನಿಯಾ, ಬ್ರಾಡಿರೈಜೋಬಿಯಂನಂಥ ಕಲಬೆರಕಿ ಎದ್ದು ಕಾಣ್ತದ. ಬ್ರಾಡಿರೈಜೋಬಿಯಂ ಮಣ್ಣಿನ್ಯಾಗೂ ಇರೋದೇ, ಅದಕ್ಕೇ ಖಾಲಿ ಬ್ಲ್ಯಾಂಕ್ ಸ್ಯಾಂಪಲ್ ಜತಿಗೆ ಹಾಕಿಸದೇ ಇದನ್ನ ಬಿಡಿಸ್ಲಿಕ್ಕೆ ಆಗಂಗಿಲ್ಲ. ಭತ್ತದ ಬೇರಿನ ಸ್ಯಾಂಪಲ್ ಇದ್ರ ಕ್ಲೋರೋಪ್ಲಾಸ್ಟ್, ಮೈಟೋಕಾಂಡ್ರಿಯಾ ರೀಡ್ಸ್ ಮೊದಲೇ ತಗೀರಿ, ಇಲ್ಲಂದ್ರ ಭತ್ತದ ಬೇರೇ ನಿಮ್ಮ ಗ್ರಾಫಿನ್ಯಾಗ ಬ್ಯಾಕ್ಟೀರಿಯಾ ವೇಷ ಹಾಕ್ಕೊಂಡು ಬರ್ತದ.

ಹೆಜ್ಜೆ 7: ಇನ್ನೊಂದು ಟೂಲ್‌ನ್ಯಾಗೂ ನೋಡ್ರಿ

2022ರಾಗ ನೇಚರ್ ಕಮ್ಯುನಿಕೇಶನ್ಸ್‌ನಾಗ ಬಂದ ಒಂದು ಅಧ್ಯಯನದಾಗ 38 ಡೇಟಾಸೆಟ್ ಮ್ಯಾಲೆ 14 ವಿಧಾನ ಓಡಿಸಿ ನೋಡಿದ್ರು, ಒಂದೇ ಡೇಟಾಕ್ಕ ಒಂದೊಂದು ವಿಧಾನ ಒಂದೊಂದು ಪಟ್ಟಿ ಕೊಡ್ತು, ಎಣಿಕೆನೂ ಬ್ಯಾರೆ ಹೆಸರೂ ಬ್ಯಾರೆ. ಅದ್ರಾಗ ಆಲ್ಡೆಕ್ಸ್ 2 ಮತ್ತ ಆನ್ಕಾಮ್-2 (ಇದು ಆನ್ಕಾಮ್-ಬಿಸಿ ಅಲ್ಲ) ಹೆಚ್ಚು ಸ್ಥಿರವಾಗಿ ಕಂಡವು. ಹಿಂಗಾಗಿ ನಾನು ಮಾಡೋದು, ಡೇಟಾ ನೋಡೋಕ್ಕಿಂತ ಮೊದಲೇ ಎರಡು ಟೂಲ್ ಯಾವು ಅಂತ ಬರದಿಟ್ಟು, ಎರಡರಾಗೂ ಒಂದೇ ದಿಕ್ಕಿಗೆ ಬಂದವನ್ನ ಮಾತ್ರ ಮುಖ್ಯ ಚಿತ್ರಕ್ಕ ಹಾಕೋದು, ಒಂದ್ರಾಗ ಮಾತ್ರ ಬಂದವನ್ನ ಕೋಷ್ಟಕಕ್ಕ ಹಾಕೋದು. ಐದು ಟೂಲ್ ಓಡಿಸಿ ಚುಕ್ಕಿ ಜಾಸ್ತಿ ಬಂದದ್ದನ್ನ ಆರಿಸ್ಕೊಳ್ಳೋದು ತಪ್ಪು, ಗೈಡು ಎಷ್ಟೇ ಒತ್ತಾಯ ಮಾಡಲಿ.

ಹೆಜ್ಜೆ 8: ಚಿತ್ರದ ಅಡಿಗೆ ಏನು ಬರೀಬೇಕು

"ಸವಳಿನಿಂದ ಹಾಲೋಮೊನಾಸ್ ಹೆಚ್ಚಾಗಿದೆ, ಇದು ಉಪ್ಪು ತಡೆಯಲು ಭತ್ತಕ್ಕೆ ನೆರವಾಗುತ್ತದೆ" ಅಂತ ಬರೀಬ್ಯಾಡ್ರಿ. ಮೊದಲ ಅರ್ಧಕ್ಕ ನಿಮ್ಮ ಹತ್ರ ಪಾಲು ಮಾತ್ರ ಅದ, ಎರಡನೇ ಅರ್ಧಕ್ಕ ಏನೂ ಇಲ್ಲ, 16ಎಸ್ ಹೆಸರು ಹೇಳ್ತದ, ಅದು ಹೊಲದಾಗ ಏನು ಕೆಲಸ ಮಾಡ್ತದ ಅಂತ ಹೇಳಂಗಿಲ್ಲ. ಇಂಥ ಒಂದು ಸಾಲು ನಾಳೆ ಜೈವಿಕ ಗೊಬ್ಬರದ ಬಾಟ್ಲಿ ಮ್ಯಾಲೆ ಅಚ್ಚಾಗಿ, ಮೊದಲೇ ಜಿಪ್ಸಂಗೂ ಬಸಿಗಾಲುವೆಗೂ ದುಡ್ಡು ಹೊಂದಿಸ್ಲಿಕ್ಕೆ ಆಗದ ರೈತನ ಕೈಗೆ ಹೋಗ್ತದ, ಅದು ನನಗ ಖರೇನೇ ಹೆದರಿಕಿ ತರಿಸ್ತದ. ಅದರ ಬದ್ಲಿ ಹಿಂಗ ಬರೀರಿ: "ಆರು ಸವಳು ಗದ್ದೆಗಳಲ್ಲಿ ಐದರಲ್ಲಿ ಹಾಲೋಮೊನಾಸ್‌ನ ಪಾಲು ಆರು ಚಲೋ ಗದ್ದೆಗಳಿಗಿಂತ ಹೆಚ್ಚಿತ್ತು, ಆಲ್ಡೆಕ್ಸ್ 2 ಮತ್ತು ಆನ್ಕಾಮ್-ಬಿಸಿ ಎರಡರಲ್ಲೂ ಒಂದೇ ದಿಕ್ಕು, ರೆಫರೆನ್ಸ್ ಚಲೋ ಗದ್ದೆ, ಒಟ್ಟು ಸಂಖ್ಯೆ ಅಳೆದಿಲ್ಲ, ಸ್ಯಾಂಪಲ್ ತೆಗೆದಾಗ ಎಲ್ಲ ಗದ್ದೆಗಳಲ್ಲೂ ನೀರು ನಿಂತಿತ್ತು." ಆ ಆರನೇ ಸವಳು ಗದ್ದ್ಯಾಗ ಯಾಕ ಹೆಚ್ಚಿರಲಿಲ್ಲ ಅಂತ ತಿಳೀಲಿಕ್ಕೆ ನೋಟ್‌ಬುಕ್ ಹಿಡ್ಕೊಂಡು ಅದೇ ಬದೂ ಮ್ಯಾಲೆ ಮತ್ತೊಮ್ಮೆ ಹೋಗಿ ನಿಂದ್ರಬೇಕಾಗ್ತದ.